ಥರ್ಮಾಕೋಲಿನ ಗೋಡೆ

ಥರ್ಮಾಕೋಲಿನಲ್ಲಿ ಟಿವಿ ಬರುತ್ತದೆ, ಮನೆ ಬರುವುದಿಲ್ಲ ಎಂದು ಜೇವರ್ಗಿಯ ಬಜಾರು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಬಜಾರಿನ ಮಾತಿಗೆ ಇಂಜಿನಿಯರ್ ಸೃಷ್ಟಿ ಸೊಪ್ಪು ಹಾಕುವವಳಲ್ಲ. ಆದರೆ ಕಟ್ಟುತ್ತಿದ್ದುದು ಅಪ್ಪನ ಮನೆ, ಅಪ್ಪ ಶಾಂತಲಿಂಗಪ್ಪನವರೋ ಹಟಮಾರಿ ತೊಗರಿ ವ್ಯಾಪಾರಿ.

“ಒಂದ ಕಡಿ ಒಡೀಲಿ, ನಾಳಿಗೇ ಇಟ್ಟಂಗಿ ತರಸ್ತೇನಿ,” ಎಂದು ಮೊದಲೇ ಹೇಳಿದ್ದರು.

ಕೆಲಸ ಕಷ್ಟದ್ದೇನಲ್ಲ. ಟೊಳ್ಳು ಥರ್ಮಾಕೋಲ್ ಅಚ್ಚುಗಳನ್ನು ಒಂದರ ಮೇಲೊಂದು ಕೂಡಿಸಿ, ಒಳಗೆ ಸರಳು ನಿಲ್ಲಿಸಿ ಕಾಂಕ್ರೀಟ್ ತುಂಬುವುದು. ಅಚ್ಚು ಹಾಗೇ ಉಳಿದು ಬಿಸಿಲನ್ನು ಹೊರಗೇ ತಡೆಯುತ್ತದೆ. ಹಸಿ ಕಾಂಕ್ರೀಟಿನ ಭಾರ ಮಾತ್ರ ಒಂದೇ ಕಡೆ ಒಮ್ಮೆಲೇ ಬೀಳಬಾರದು, ಬಿದ್ದರೆ ಅಚ್ಚು ಬಿರಿಯುತ್ತದೆ. ಸೊಂಟದೆತ್ತರ ತುಂಬುತ್ತ ನಾಲ್ಕೂ ಗೋಡೆ ಸುತ್ತಿ ಬರಬೇಕು. ಮೇಸ್ತ್ರಿ ಜಹೀರುದ್ದೀನನಿಗೆ ಇದನ್ನು ಸೃಷ್ಟಿ ಮೂರು ಸಲ ಹೇಳಿದ್ದಳು.

ಈಶಾನ್ಯ ಮೂಲೆಗೆ ವಿಭೂತಿ ಹಚ್ಚಿ, ಕಾಯಿ ಒಡೆದು ಕೆಲಸ ಶುರುವಾಯಿತು. ಅವಳು ಕಲಸುವ ಮಶಿನ್ನಿನ ಹತ್ತಿರ ಹೋಗಿದ್ದಳಷ್ಟೆ.

“ಪೂಜಿ ಮಾಡಿದ ಮೂಲಿ ಅರ್ಧಕ್ಕ ಬಿಡಬ್ಯಾಡ. ಅದನ್ನ ಮುಗಿಸೇ ಮುಂದ ಹೋಗು,” ಎಂದು ಮೇಸ್ತ್ರಿಗೆ ಹೇಳುವ ಅಪ್ಪನ ದನಿ ಕೇಳಿಸಿತು.

ಓಡಿ ಬರುವಷ್ಟರಲ್ಲಿ ಮೂಲೆ ಉಬ್ಬಿ, ಬಿರಿದು, ಕಾಂಕ್ರೀಟ್ ಅಂಗಳಕ್ಕೆ ಸುರಿದಿತ್ತು.

“ಮೇಡಮ್, ಸಾಹುಕಾರ್ರು ಅಂದ್ರಂತ...” ಜಹೀರುದ್ದೀನ ತೊದಲಿದ.

“ಯಾರ ಅಂದ್ರು ಅನ್ನೋದು ಈಗ ಬ್ಯಾಡ. ಪ್ಲೈವುಡ್ ತಗೊಂಡ ಬರ್ರಿ, ಸ್ಕ್ರೂ ತರ್ರಿ.”

ಅವಳಿಗೆ ಅಳುವೂ ಬಂದಿತ್ತು, ಸಿಟ್ಟೂ ಬಂದಿತ್ತು. ಎರಡಕ್ಕೂ ಪುರುಸೊತ್ತಿರಲಿಲ್ಲ, ಕಾಂಕ್ರೀಟ್ ಕಾಯುವುದಿಲ್ಲ. ಒಡೆದ ಕಡೆ ಕೈ ಹಾಕಿ ಹಸಿ ಕಾಂಕ್ರೀಟನ್ನು ಬಾಚಿ ಬಾಚಿ ತೆಗೆದಳು. ಶಾಂತಲಿಂಗಪ್ಪನವರು ಜೇಬಿನಿಂದ ಫೋನ್ ತೆಗೆದರು.

“ಸಾಕವ್ವ ನಿನ್ನ ಹೊಸ ಆಟ. ಇಟ್ಟಂಗಿ ಹೇಳ್ತೇನಿ.”

“ಫೋನ್ ಆಮ್ಯಾಲ ಮಾಡ್ರಿ, ಅಪ್ಪಾ. ಮೊದಲ ಇದನ್ನ ಒತ್ತಿ ಹಿಡೀರಿ!” ಎಂದು ಪ್ಲೈವುಡ್ ಹಲಗೆಯನ್ನು ಅವರ ಎದೆಗೇ ಕೊಟ್ಟಳು.

ಮಗಳು ಅವರ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಹಿಡಿದರು. ಅವಳು ಸ್ಕ್ರೂ ಬಿಗಿದು, ಹಲಗೆಗೆ ಕೋಲಿನ ಆನಿಕೆ ಕೊಟ್ಟು, ಕಾಂಕ್ರೀಟ್ ಸುರಿಯುವ ಪೈಪನ್ನು ಮುಂದಿನ ಗೋಡೆಗೆ ತಿರುಗಿಸಿದಳು. ಸೊಂಟದೆತ್ತರ, ಒಂದು ಸುತ್ತು. ಎದೆಯೆತ್ತರ, ಇನ್ನೊಂದು ಸುತ್ತು. ಯಾರೂ ಊಟಕ್ಕೆ ಏಳಲಿಲ್ಲ. ಹೊತ್ತು ಇಳಿಯುವಾಗ ನಾಲ್ಕೂ ಗೋಡೆ ತುದಿ ಮುಟ್ಟಿದ್ದವು. ಒಡೆದ ಮೂಲೆ ಕೂದಲೆಳೆಯಷ್ಟೂ ಅಲುಗಿರಲಿಲ್ಲ.

ಶಾಂತಲಿಂಗಪ್ಪನವರು ಇನ್ನೂ ಹಲಗೆಗೆ ಹೆಗಲು ಕೊಟ್ಟೇ ನಿಂತಿದ್ದರು. ಬಿಳಿ ಅಂಗಿಯೆಲ್ಲ ಸಿಮೆಂಟು.

“ಸಾಕ್ರಿ ಅಪ್ಪಾ, ಬಿಡ್ರಿ. ಆನಿಕಿ ಹಿಡದದ.”

“ಸುಮ್ಕಿರು,” ಎಂದರು ಅವರು, ಅವಳ ಮುಖ ನೋಡದೆ. “ಇನ್ನಾ ಹಸಿ ಅದ. ಕೆಡವಿದಾವ ನಾನು, ನಾನೇ ಹಿಡೀತೇನಿ.”