ಜಗಲಿ ಕಂಡರೆ ಇಳಿಯುವ ಕಾಲು

ನನ್ನ ಗಂಡನ ಊರಿನ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ತಕ್ಷಣ 'ನಮ್ಮಲ್ಲಿ ಅಂಥದ್ದೇನೂ ಇಲ್ಲಪ್ಪ' ಎನ್ನುತ್ತಾರೆ. ಮೇಲೂರು ದಾಟಿ ಒಳಗೆ ಹೋದರೆ ಸಿಗುತ್ತದೆ, ಅಷ್ಟು ಸಾಕು. 'ಅಂಥದ್ದೇನೂ ಇಲ್ಲ' ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಯಾಕೆ ಎಂದು ಹೇಳಬೇಕಾದರೆ ಪಾಂಡಿಚೇರಿಯಿಂದ ಶುರುಮಾಡಬೇಕು.

ತೊಂಬತ್ತೆರಡನೇ ಇಸವಿ. ನನ್ನ ಗಂಡ ಬಯ್ಯಪ್ಪ ಚಿಕ್ಕಬಳ್ಳಾಪುರದಲ್ಲಿ ಟೆಲಿಫೋನ್ ಲೈನ್‌ಮನ್. ಇಲಾಖೆಯವರು ಕೆಲವು ವರ್ಷಕ್ಕೊಮ್ಮೆ ಊರು ಸುತ್ತಿ ಬರಲು ಪ್ರಯಾಣದ ಖರ್ಚು ಕೊಡುತ್ತಿದ್ದರು. ಜೊತೆಯವರೆಲ್ಲ ತಿರುಪತಿ, ಕಾಶಿ ಎಂದು ಹೊರಟರು. ನಮ್ಮ ಮನೆಯ ಗೋಡೆಯ ಮೇಲಿರುವುದು ಬುದ್ಧನ ಪಟ, ನಾವು ಅಲ್ಲಿಗೆ ಹೋಗಿ ಮಾಡುವುದೇನು? ನಾನು ಸಮುದ್ರ ನೋಡಬೇಕೆಂದೆ. ಪಾಂಡಿಚೇರಿಯಲ್ಲಿ ಬಾಡಿಗೆಗೆ ಸೈಕಲ್ ಸಿಗುತ್ತದೆ, ಊರೆಲ್ಲ ಅದರಲ್ಲೇ ತಿರುಗಬಹುದು ಎಂದು ಯಾರೋ ಹೇಳಿದ್ದರು. ನಾನು ಗೌರಿಬಿದನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವಳು. ಅಪ್ಪ ಗ್ಯಾಂಗ್‌ಮನ್. ಅವರ ಸೈಕಲ್ಲನ್ನು ಕದ್ದು ತುಳಿದು ಮಂಡಿ ತರಚಿಕೊಂಡೇ ದೊಡ್ಡವಳಾದವಳು, ಆ ಮಾತು ಕೇಳಿ ಕುಣಿದಾಡಿಬಿಟ್ಟೆ.

ನಮ್ಮ ಕಡೆ ಸೈಕಲ್ ಎಂದರೆ ಕತ್ತೆಯ ದುಡಿಮೆ. ರೇಷ್ಮೆಗೂಡಿನ ಮೂಟೆ, ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಎಲ್ಲ ಅದರ ಬೆನ್ನಿಗೇ. ಸುಮ್ಮನೆ ಸೈಕಲ್ ತುಳಿಯುತ್ತ ಹೋದರೆ 'ಎಲ್ಲಿಗೆ? ಯಾಕೆ?' ಎಂದು ಹತ್ತು ಜನ ಕೇಳುತ್ತಾರೆ. ಪಾಂಡಿಚೇರಿಯಲ್ಲಿ ಯಾರೂ ಕೇಳಲಿಲ್ಲ. ಊರು ದೋಸೆಕಾವಲಿಯಷ್ಟು ಸಮತಟ್ಟು. ಏರಿಲ್ಲ, ಇಳಿತವಿಲ್ಲ, ಒಂದು ಸಲ ಪೆಡಲ್ ಒತ್ತಿದರೆ ಸಾಕು, ಸೈಕಲ್ ತನ್ನ ಪಾಡಿಗೆ ಹೋಗುತ್ತಿರುತ್ತದೆ. ಬೆಳಿಗ್ಗೆ ಕಡಲ ದಂಡೆಯ ರಸ್ತೆಯಲ್ಲಿ ನಾವಿಬ್ಬರೂ ಅಕ್ಕಪಕ್ಕ ತುಳಿದೆವು. ಗಾಳಿಗೆ ಇವರ ಅಂಗಿ ಉಬ್ಬಿಕೊಂಡಿತ್ತು. ಮದುವೆಯಾದಾಗಿನಿಂದ ಇವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಬಿಸಿಲೇರಿದ ಮೇಲೆ ಊರೊಳಗಿನ ಬೀದಿಗಳಿಗೆ ತಿರುಗಿದೆವು. ಅಲ್ಲಿ ಹಳೆಯ ತಮಿಳರ ಮನೆಗಳು, ಮನೆ ಮುಂದೆ ಉದ್ದಕ್ಕೂ ಜಗಲಿ, ಜಗಲಿಯ ಮೇಲೆ ಪಂಚೆಯುಟ್ಟ ಮುದುಕರು. ಬೀದಿ ಅರ್ಧಕ್ಕೆ ಬರುವಷ್ಟರಲ್ಲಿ ತಿರುಗಿ ನೋಡಿದರೆ ಇವರು ಇಳಿದು ಸೈಕಲ್ ತಳ್ಳಿಕೊಂಡು ಬರುತ್ತಿದ್ದರು.

"ಏನ್ರೀ ಆಯ್ತು?"

"ಚೈನು ಯಾಕೋ ಸರಿ ಇಲ್ಲ."

ಬೀದಿ ಮುಗಿಯಿತು, ಇವರು ಹತ್ತಿದರು, ಚೈನು ಸರಿಯಾಗೇ ಇತ್ತು. ಮುಂದಿನ ಬೀದಿಯಲ್ಲಿ ಮತ್ತೆ ಇಳಿದರು. ಈ ಸಲ ಚಪ್ಪಲಿ ಜಾರಿತಂತೆ. ಅದರ ಮುಂದಿನದರಲ್ಲಿ ಕಾಲು ಹಿಡಿದುಕೊಂಡಿತಂತೆ. ಅಲ್ಲಿ ಜಗಲಿಯ ಮೇಲಿದ್ದ ಒಬ್ಬ ಮುದುಕರು ಪಂಚರ್ ಆಗಿರಬೇಕು ಎಂದುಕೊಂಡು ಎದ್ದುಬಂದು, ಬಗ್ಗಿ, ಎರಡೂ ಟೈರುಗಳನ್ನು ಹೆಬ್ಬೆರಳಿನಲ್ಲಿ ಒತ್ತಿ ನೋಡಿದರು.

"ಕಾತ್ತು ಇರುಕ್ಕೇಪ್ಪಾ!" ಗಾಳಿ ಇದೆಯಲ್ಲಪ್ಪ, ಮತ್ತೆ ಯಾಕೆ ತಳ್ಳುತ್ತೀಯ ಎಂದು ಅವರಿಗೆ ಆಶ್ಚರ್ಯ.

ನನ್ನ ಗಂಡ ಹ್ಯಾಂಡಲ್ ಹಿಡಿದು, ತಲೆ ಬಗ್ಗಿಸಿ, ತಪ್ಪು ಮಾಡಿ ಸಿಕ್ಕಿಬಿದ್ದವರಂತೆ ನಿಂತಿದ್ದರು. ಆಗ ನನಗೆ ಹೊಳೆಯಿತು. ಜಗಲಿಯ ಮೇಲೆ ಹಿರಿಯರು ಕೂತ ಬೀದಿಯಲ್ಲಿ ಮಾತ್ರ ಇವರು ಇಳಿಯುತ್ತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಕಡಲ ದಂಡೆಗೆ ವಾಪಸು ಬರುವ ತನಕ ತಡೆದುಕೊಂಡೆ.

"ಇಲ್ಲಿ ಯಾರಿಗ್ರೀ ಗೊತ್ತು ನೀವು ಯಾರು ಅಂತ?" ಎಂದು ಅಲ್ಲಿ ಹರಿಹಾಯ್ದೆ.

"ನಂಗೆ ಗೊತ್ತಲ್ಲ," ಎಂದರು.

ಆಮೇಲೆ, "ಬೇಕು ಅಂತ ಇಳಿಯಲ್ಲ ಕಣೇ. ಕಾಲು ಇಳಿದ್ಬಿಡ್ತದೆ. ಇಳಿದ ಮೇಲೆ ನಂಗೆ ಗೊತ್ತಾಗೋದು," ಎಂದರು.

ಊರಿನಲ್ಲಿ ಇವರು ಇಳಿಯುವುದು ನನಗೆ ಗೊತ್ತಿತ್ತು. ಊರೊಳಗೆ ರಾಗಿ ಮಿಷನ್ ಹತ್ತಿರ ಇಳಿದು, ಗೌಡರ ಮನೆಗಳಿರುವ ಮೇಲಿನ ಬೀದಿಯುದ್ದಕ್ಕೂ ತಳ್ಳಿ, ಹಾಲಿನ ಡೇರಿ ದಾಟಿದ ಮೇಲೆ ಮತ್ತೆ ಹತ್ತಿ ನಮ್ಮ ಕೇರಿಗೆ ಹೋಗುತ್ತಿದ್ದರು. ಬೀದಿ ಇಕ್ಕಟ್ಟು, ದನಕರು ಜಾಸ್ತಿ ಎಂದು ನನಗೆ ಸಬೂಬು ಹೇಳಿದ್ದರು. ನಾನೂ ಪೆದ್ದಿಯ ಹಾಗೆ ನಂಬಿ ಜೊತೆಗೆ ಇಳಿದು ನಡೆದಿದ್ದೆ. ಅವತ್ತು ಸಮುದ್ರದ ಕಡೆ ಮುಖ ಮಾಡಿಕೊಂಡು ನಿಜ ಹೇಳಿದರು.

ಇವರಪ್ಪ ಎರ್ರಪ್ಪ ಚಿಂತಾಮಣಿಯಲ್ಲಿ ಒಂದು ಹಳೆಯ ಸೈಕಲ್ ಕೊಂಡರಂತೆ. ಕೇರಿಗೆ ಬಂದ ಮೊದಲನೇ ಸೈಕಲ್ ಅದು. ಮಗನನ್ನು ಬಾರಿನ ಮೇಲೆ ಕೂರಿಸಿಕೊಂಡು, ಅಲ್ಲಿಂದ ತುಳಿದುಕೊಂಡೇ ಬಂದು, ಆ ಖುಷಿಯಲ್ಲಿ ಮೇಲಿನ ಬೀದಿಗೂ ಹಾಗೇ ನುಗ್ಗಿದ್ದಾರೆ. ಅರಳಿಕಟ್ಟೆಯ ಮೇಲಿಂದ ವೆಂಕಟರಾಮಪ್ಪ ಇಳಿದುಬಂದ. ಆಗಿನ್ನೂ ಕಾಲೇಜಿಗೆ ಹೋಗುತ್ತಿದ್ದ ಗೌಡರ ಮನೆಯ ಹುಡುಗ. ಎರಡೂ ಚಕ್ರದ ಗಾಳಿ ಬಿಟ್ಟು, ವಾಲುಗಳನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ತನ್ನ ತಂದೆಯ ವಯಸ್ಸಿನವರಿಗೆ, 'ತಲೆ ಮೇಲೆ ಹೊತ್ಕೊಂಡು ಹೋಗಲೇ' ಎಂದ. ಕಟ್ಟೆಯ ತುಂಬ ಜನ ನಗುತ್ತಿದ್ದರು. ಮಾವ ಸೈಕಲ್ಲನ್ನು ತಲೆಯ ಮೇಲೆ ಹೊತ್ತರು. ಮಗ ಹಿಂದೆ ನಡೆದ.

"ನಿಮ್ಮಪ್ಪ ಏನಂದ್ರು?"

"ಮನೆ ಹತ್ರ ಇಳ್ಸಿ, ಚಕ್ರ ತಿರುಗಿಸಿ ನೋಡ್ದ. ಅಷ್ಟೆ."

ಅವತ್ತು ನಾನು ಊಟ ಮಾಡಲಿಲ್ಲ. ಇದೇ ವೆಂಕಟರಾಮಪ್ಪನ ಮನೆಗೆ ಹಿಂದಿನ ವರ್ಷ ಫೋನ್ ಬಂದಾಗ ಕಂಬ ಹತ್ತಿ ವೈರ್ ಎಳೆದವರು ನನ್ನ ಗಂಡ. ಆತನ ಬೀದಿಯಲ್ಲಿ ಕಂಬ ಹತ್ತಬಹುದು, ಸೈಕಲ್ ಹತ್ತುವಂತಿಲ್ಲ! ಅದೂ ಹೋಗಲಿ, ಆತನ ಭಯ ಇವರ ಕಾಲಿನೊಳಗೆ ಕೂತು ಬಸ್ ಹತ್ತಿ ಸಮುದ್ರದ ತನಕ ನಮ್ಮ ಜೊತೆ ಬರಬೇಕೇ? ಇಷ್ಟು ವರ್ಷಕ್ಕೆ ಸಿಕ್ಕಿದ ರಜೆ, ನನ್ನ ಗಂಡನ ನಗು, ಅದನ್ನೂ ಆ ಮನುಷ್ಯ ಕಿತ್ತುಕೊಂಡನಲ್ಲ ಎಂದು ನನಗೆ ಅಳು ಬಂತು. ಊರಿಗೆ ಹೋದ ಮೇಲೆ ಆ ಬೀದಿಯಲ್ಲಿ ಇವರು ಇಳಿಯದೆ ಹೋಗಬೇಕು, ಇಲ್ಲವಾದರೆ ಇವರ ಸೈಕಲ್ ಮೇಲೆ ನಾನು ಇನ್ನು ಕೂರುವುದಿಲ್ಲ ಎಂದು ಅಲ್ಲೇ ಹೇಳಿದೆ.

ವಾಪಸು ಬಂದ ಮೇಲೆ ಒಂದು ಭಾನುವಾರ ಅತ್ತೆಯನ್ನು ನೋಡಲು ಹೊರಟೆವು. ನಾನು ಕ್ಯಾರಿಯರ್ ಮೇಲೆ. ರಾಗಿ ಮಿಷನ್ ಬಂತು. ಇವರು ಇಳಿದೇಬಿಟ್ಟರು.

"ಇಳಿಯೇ," ಎಂದರು ಮೆಲ್ಲಗೆ.

"ನಾನು ಇಳಿಯಲ್ಲ. ಬೇಕಾದ್ರೆ ತಳ್ಳಿ."

ಬೇಡಿಕೊಂಡರು, ಗದರಿದರು. ನಾನು ಕ್ಯಾರಿಯರ್‌ನ ಕಂಬಿ ಹಿಡಿದು ಕೂತೇ ಇದ್ದೆ. ಕೊನೆಗೆ ನನ್ನನ್ನು ಕೂರಿಸಿಕೊಂಡೇ ತಳ್ಳಿದರು. ಅರಳಿಕಟ್ಟೆಯ ಮೇಲೆ ವೆಂಕಟರಾಮಪ್ಪ ಪೇಪರು ಹಿಡಿದು ಕೂತಿದ್ದರು. ಈಗ ಕನ್ನಡಕ, ನರೆತ ಕೂದಲು, ದೊಡ್ಡ ಮನುಷ್ಯರು. ಪಕ್ಕದಲ್ಲಿ ಅವರ ದಾಯಾದಿ ಆವಲಪ್ಪ.

"ಏನಪ್ಪ ಬಯ್ಯಪ್ಪ," ವೆಂಕಟರಾಮಪ್ಪ ನಕ್ಕರು, "ಹೆಂಡ್ತೀನ ಮೆರವಣಿಗೆ ಮಾಡ್ತಾ ಇದ್ದೀಯ? ಹತ್ತಿ ತುಳಿಯೋಕೇನು ಧಾಡಿ ನಿಂಗೆ?"

"ಇಲ್ಲಿ ತುಳಿಯಲ್ಲ ಗೌಡ್ರೆ."

"ಯಾಕಪ್ಪ? ಯಾರು ಬೇಡ ಅಂದೋರು? ನಮ್ಮೂರಲ್ಲಿ ಅಂಥದ್ದೇನೂ ಇಲ್ಲಪ್ಪ. ನಿಮ್ಮೋರು ಮರ್ಯಾದೆಗೆ ಅಂತ ನೀವಾಗೇ ಇಳೀತೀರ. ನಾವು ಯಾವತ್ತಾನ ಇಳೀ ಅಂದಿದ್ದೀವಾ?"

ಎಷ್ಟು ಸಲೀಸಾಗಿ ಅಂದರು! ವಾಲು ಬಿಚ್ಚಿದ ಕೈ ಪೇಪರಿನ ಹಾಳೆ ಮಗುಚುತ್ತಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಸೈಕಲ್ ನಿಂತಿತು. ನನ್ನ ಗಂಡ ಕಟ್ಟೆಯ ಕಡೆ ತಿರುಗಿದ್ದರು.

"ನಮ್ಮಪ್ಪನ ಸೈಕಲ್ ಗಾಳಿ ಬಿಟ್ಟೋರು ಯಾರು ಗೌಡ್ರೆ?"

"ಯಾವಾಗಪ್ಪ?"

"ಚಿಂತಾಮಣಿಯಿಂದ ತಂದ ದಿನ. ನೀವೇ. ಇದೇ ಕಟ್ಟೆ ಮುಂದೆ. ನಾನಿದ್ದೆ."

ವೆಂಕಟರಾಮಪ್ಪ ಕನ್ನಡಕ ತೆಗೆದು ಒರೆಸಿದರು. "ನಂಗೆ ನೆನಪಿಲ್ಲಪ್ಪ. ಅದೆಲ್ಲ ಆ ಕಾಲ. ಈಗ ಯಾರು ಕೇಳ್ತಾರೆ?"

"ಹಂಗಾದ್ರೆ ಹತ್ತು ಅನ್ನಿ."

"ಏನು?"

"ಹತ್ತು ಅಂತ ಒಂದ್ಸಲ ಬಾಯ್ಬಿಟ್ಟು ಅನ್ನಿ. ಹತ್ತು, ಬಯ್ಯಪ್ಪ, ತುಳ್ಕೊಂಡು ಹೋಗು ಅಂತ. ಸಾಕು ನಂಗೆ."

'ಯಾರು ಬೇಡ ಅಂದೋರು' ಎನ್ನುವುದಕ್ಕೆ ಅಷ್ಟು ಸುಲಭವಾಗಿ ಆಡಿದ ನಾಲಿಗೆಗೆ 'ಹತ್ತು' ಎನ್ನಲು ಆಗಲಿಲ್ಲ. ನಾನು ಅವರ ಬಾಯನ್ನೇ ನೋಡುತ್ತಿದ್ದೆ. ತುಟಿ ಒಂದು ಸಲ ಅಲುಗಿತು, ಅಷ್ಟೆ. ಆಮೇಲೆ ಕನ್ನಡಕ ಹಾಕಿಕೊಂಡು ಪೇಪರು ಮುಖಕ್ಕೆ ಹಿಡಿದರು.

"ಸುಮ್ನೆ ಯಾಕಪ್ಪ ಮಾತು ಬೆಳೆಸ್ತೀಯ, ಹೋಗು ಅತ್ಲಾಗೆ," ಎಂದರು ಆವಲಪ್ಪ.

ನನ್ನ ಗಂಡ, ಆ ಮಾತಿಲ್ಲದೆಯೇ, ಬಾರಿನ ಮೇಲಿಂದ ಕಾಲು ಹಾಯಿಸಿ ಹತ್ತಿದರು. ಸೈಕಲ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು, ಬಿದ್ದೇಬಿಡುತ್ತೇವೆ ಎಂದುಕೊಂಡೆ. ಬೀಳಲಿಲ್ಲ. ಹೆದರಿ ಓಡಿಹೋಗುವವರಂತೆ ಜೋರಾಗಿಯೂ ತುಳಿಯಲಿಲ್ಲ. ಕಡಲ ದಂಡೆಯಲ್ಲಿ ತುಳಿದಷ್ಟೇ ನಿಧಾನವಾಗಿ, ಬೀದಿಯ ನಟ್ಟನಡುವೆ ಹೋದರು. ನನ್ನ ಅಂಗೈ ಕೆಳಗೆ ಅವರ ಬೆನ್ನು ಬೆವರಿನಿಂದ ತೊಯ್ದಿತ್ತು. ಬಾಗಿಲುಗಳಲ್ಲಿ ಹೆಂಗಸರು ಬಂದು ನಿಂತರು. ಒಂದು ಕಲ್ಲೂ ಬೀಳಲಿಲ್ಲ, ಒಂದು ಬೈಗುಳವೂ ಬರಲಿಲ್ಲ. ಡೇರಿ ದಾಟಿದೆವು.

ಕೇರಿಯ ಮೊದಲ ಮನೆಯೇ ನಮ್ಮದು. ಅತ್ತೆ ಗಂಗುಲಮ್ಮ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದವರು, ನಾವು ಬೀದಿಯಿಂದ ಕೂತುಕೊಂಡೇ ಬಂದದ್ದನ್ನು ನೋಡಿ ಮೊರ ಪಕ್ಕಕ್ಕಿಟ್ಟು ಓಡಿಬಂದು ಮಗನ ಬೆನ್ನಿಗೆ ಎರಡು ಏಟು ಬಿಟ್ಟರು.

"ಏಂ ನಾಯನಾ, ಹುಚ್ಚೇನೋ ನಿಂಗೆ? ಬೀದೀಲಿ ಕುಂತ್ಕೊಂಡೇ ಬಂದ್ಯಾ?"

"ಹೂಂ ಅಮ್ಮ."

"ಕಟ್ಟೆ ಮೇಲೆ ಇದ್ರಾ?"

"ಇದ್ರು."

"ಎದ್ದು ಬರ್ಲಿಲ್ವ? ಹೊಡೀಲಿಲ್ವ?"

"ಇಲ್ಲಮ್ಮ. ಯಾರೂ ಏನೂ ಮಾಡ್ಲಿಲ್ಲ."

ನಾನು ನಗುತ್ತಿದ್ದೆ. ಅತ್ತೆಯೂ ನಗುತ್ತಾರೆ ಎಂದುಕೊಂಡಿದ್ದೆ. ಅವರು ಡೇರಿಯ ಕಡೆ, ಅದರಾಚೆಯ ಬೀದಿಯ ಕಡೆ ನೋಡಿದರು. ಆಮೇಲೆ ಮಗನ ಕಡೆ ತಿರುಗಿದಾಗ ಅವರ ಮುಖದಲ್ಲಿದ್ದ ಸಿಟ್ಟನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

"ಇಷ್ಟೇನಾ? ಇಷ್ಟೇ ಆಗಿದ್ರೆ ನಿಮ್ಮಪ್ಪ ಇರೋವಾಗ ಯಾಕೋ ಬರ್ಲಿಲ್ಲ ಹಿಂಗೆ? ಸಾಯೋವರ್ಗೂ ತಳ್ಳಿದ್ನಲ್ಲೋ ಆ ಸೈಕಲ್ನ!"

ಅದಕ್ಕೆ ಉತ್ತರ ಹೇಳಬೇಕಾದವರು ಕಟ್ಟೆಯ ಮೇಲೆ ಪೇಪರು ಓದುತ್ತ ಕೂತಿದ್ದರು. ಕೇಳಿಸಿಕೊಂಡು ತಲೆ ತಗ್ಗಿಸಿ ನಿಂತವರು ನನ್ನ ಗಂಡ.