ಮಾವ ಹಾರಿಸುತ್ತಿದ್ದ ಪುಟ

ನಮ್ಮ ಮಾವ ತಿಮ್ಮರಾಯಪ್ಪನವರು ದಿನಾ ಸಂಜೆ ಪ್ರಾರ್ಥನೆಗೆ ಬೈಬಲ್ ಓದುತ್ತಾರೆ. ಹೊಸ ಒಡಂಬಡಿಕೆಯ ಮೊದಲ ಪುಟವನ್ನು ಮಾತ್ರ ಹಾರಿಸಿಬಿಡುತ್ತಾರೆ. ಅಲ್ಲಿರುವುದು ಅಬ್ರಹಾಮನಿಂದ ಯೇಸುವಿನವರೆಗಿನ ವಂಶಾವಳಿ. "ಬರೀ ಹೆಸ್ರು ಕಣಮ್ಮ, ಏನೈತೆ ಅದ್ರಾಗೆ?" ಅನ್ನುತ್ತಾರೆ. ಅದೇ ಮನುಷ್ಯ, ಮನೆಮನೆಗೆ ಹೋಗಿ ವಂಶಾವಳಿ ಹಾಡುವ ಹೆಳವ ಬಂದರೆ ಊಟ ಬಿಟ್ಟು ಕೂತು ಸ್ವಂತ ವಂಶದ ಹೆಸರು ಕೇಳುತ್ತಾರೆ!

ತಾವರೆಕೆರೆಯಲ್ಲಿ ನಾವು ಕ್ರೈಸ್ತರಾಗಿ ಇಪ್ಪತ್ತು ವರ್ಷವಾದರೂ ಹೆಳವ ಚಿಕ್ಕನರಸಯ್ಯ ನಮ್ಮ ಮನೆ ಬಿಟ್ಟಿಲ್ಲ. ಐದಾರು ವರ್ಷಕ್ಕೊಮ್ಮೆ ಬರುತ್ತಾನೆ. ಏಳು ತಲೆಮಾರಿನ ಹೆಸರು ಹಾಡಿ, ಹೊಸಬರನ್ನು ತನ್ನ ಪುಸ್ತಕಕ್ಕೆ ಸೇರಿಸುತ್ತಾನೆ. ಅದಕ್ಕೆ ಮನೆ ಯಜಮಾನ ಮೊರದ ತುಂಬ ರಾಗಿ ಹಿಡಿದು ನಿಂತು ಹೆಸರು ಕೂಗಬೇಕು. ಮೊದಲು ಎತ್ತಿನ ಮೇಲೆ ಬರುತ್ತಿದ್ದ, ಈಗ ಮೊಪೆಡ್.

ಈ ಸಲ ಅವನಿಗಾಗಿ ಎಲ್ಲರಿಗಿಂತ ಹೆಚ್ಚು ಕಾದಿದ್ದವಳು ನನ್ನ ಮಗಳು ಶರಣ್ಯಾ. ಒಂಬತ್ತು ವರ್ಷ. ಹನ್ನೊಂದು ವರ್ಷ ಮಕ್ಕಳಿಲ್ಲದ ನನಗೂ ನನ್ನ ಗಂಡ ನವೀನ್‌ಗೂ ನಾಲ್ಕು ವರ್ಷದ ಹಿಂದೆ ದತ್ತಾಗಿ ಬಂದವಳು. ಅದು ಅವಳಿಗೂ ಗೊತ್ತು. ಬೆಳಗ್ಗೆಯೇ ಜಡೆ ಹಾಕಿಸಿಕೊಂಡು ಜಗಲಿಯಲ್ಲಿ ಕೂತಿದ್ದಳು.

"ತಿಮ್ಮರಾಯಪ್ಪನ ಮಗ ನವೀನ್ ಕುಮಾರ..." ಎಂದು ಹಾಡು ಮುಗಿಸಿ, ಚಿಕ್ಕನರಸಯ್ಯ ಪೆನ್ನು ತೆಗೆದ. "ಮುಂದಕ್ಕೆ?"

"ಶರಣ್ಯಾ!" ಅಂದಳು ಮಗಳು.

ಮಾವ ಕೆಮ್ಮಿದರು. "ಅದು ಸಾಕಿದ್ ಮಗು ಕಣಯ್ಯ."

"ಹೆತ್ತಿದ್ದನ್ನ ಮಾತ್ರ ಬರಿಯೋದು ಸ್ವಾಮಿ," ಎಂದು ಅವನು ಪೆನ್ನಿಗೆ ಮುಚ್ಚಳ ಹಾಕಿದ. ಮಗಳು ತಲೆ ತಗ್ಗಿಸಿ ಜಡೆಯ ರಿಬ್ಬನ್ ಬಿಚ್ಚತೊಡಗಿದಳು.

ನನಗೆ ಮೈಯೆಲ್ಲಾ ಉರಿದುಹೋಯಿತು. ಮೊದಲೇ ನನ್ನದು ಮೂಗಿನ ತುದಿಯ ಕೋಪ. ಒಳಗಿನಿಂದ ಬೈಬಲ್ ತಂದು ಮಾವನ ತೊಡೆಯ ಮೇಲಿಟ್ಟೆ. "ಇವತ್ತು ಈ ಪುಟ ಓದಿ ಮಾವ. ಹೆಳವನೂ ಕೇಳಲಿ."

ನನ್ನ ಮುಖ ನೋಡಿ ಅವರು ಕನ್ನಡಕ ಹಾಕಿಕೊಂಡರು. ಅಬ್ರಹಾಮ, ಇಸಾಕ, ಯಾಕೋಬ ಎಂದು ಓದುತ್ತ ಹೋದರು. ನಡುವೆ ಬೇರೆ ದೇಶದಿಂದ ಬಂದ ಹೆಣ್ಣುಮಗಳು ರೂತಳ ಹೆಸರೂ ಬಂತು. ಕೊನೆಗೆ ಯೇಸುವಿನ ತಾಯಿಯ ಗಂಡ ಯೋಸೇಫನ ಹತ್ತಿರ ಬಂದಾಗ ಕೇಳಿದೆ, "ಯೇಸುವನ್ನ ಯೋಸೇಫ ಹೆತ್ತನಾ ಮಾವ?"

"ಇಲ್ಲ..." ಅವರ ಬೆರಳು ಆ ಸಾಲಿನ ಮೇಲೇ ನಿಂತಿತು. "ಸಾಕ್ದ."

"ಮತ್ತೆ ಯೇಸುವಿನ ಹೆಸರು ಯಾರ ವಂಶದ ಪಟ್ಟಿಗೆ ಬಂತು?"

ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ನಿನ್ ವಂಶದಿಂದ ಲೋಕಕ್ಕೆಲ್ಲ ಆಶೀರ್ವಾದ ಅಂತ ಅಬ್ರಹಾಮಂಗೆ ಕೊಟ್ಟ ಮಾತ ದೇವ್ರು ಮರೀಲಿಲ್ಲ ಕಣಮ್ಮ ಮಂಜಮ್ಮ. ಅಷ್ಟು ತಲೆಮಾರು ಕಾದು, ಸಾಕಿದೋನ ಮನೇಲಿ ನಡೆಸ್ಬುಟ್ಟ. ನಾನು ಮಕ್ಳು ಕೊಡಪ್ಪಾ ಅಂತ ಹನ್ನೊಂದು ವರ್ಷ ಕೇಳ್ದೆ. ಕೊಟ್ಟ ಮೇಲೆ ಇಂಗಂದ್ಬುಟ್ನಲ್ಲ."

ಎದ್ದು ಹೋಗಿ ಮೊರದ ತುಂಬ ರಾಗಿ ತಂದರು. ಬೀದಿಗೆಲ್ಲ ಕೇಳುವಂತೆ ಕೂಗಿದರು: "ನವೀನ್ ಕುಮಾರನ ಮಗಳು ಶರಣ್ಯಾ! ನನ್ ಮೊಮ್ಮಗಳು!"

ಚಿಕ್ಕನರಸಯ್ಯ ತಲೆ ಕೆರೆದುಕೊಂಡ. "ಯಜಮಾನ್ರು ಮೊರ ಹಿಡ್ದು ಕೂಗಿದ್ಮೇಲೆ ಬರೀದೆ ಇರಕ್ಕಾಯ್ತದಾ?" ಎಂದು ಬರೆದ. ಅಪ್ಪಾ ದೇವರೇ, ನಿನಗೆ ಸ್ತೋತ್ರ ಅಂದುಕೊಂಡೆ. ನನ್ನ ಕೋಪವೆಲ್ಲ ಅಳುವಾಗಿ ಹರಿಯಿತು.

ಮಾವ ಅವನನ್ನು ಹೋಗಲು ಬಿಡಲಿಲ್ಲ. "ಮೊದ್ಲಿಂದ ಹಾಡ್ಲಾ," ಅಂದರು. ಅವನು ಏಳು ತಲೆಮಾರನ್ನೂ ಮತ್ತೆ ಹಾಡಿದ. ಕೊನೆಯ ಹೆಸರು ಬಂದಾಗ ಶರಣ್ಯಾ ಶಾಲೆಯಲ್ಲಿ ಎದ್ದು ನಿಲ್ಲುವಂತೆ ನೆಟ್ಟಗೆ ನಿಂತು, "ಪ್ರೆಸೆಂಟ್!" ಅಂದಳು.