ನಾಲ್ಕನೆಯ ಜೋಡಿ ಕೈ

ಆಸ್ಪತ್ರೆಯ ಎರಡನೆಯ ಮಹಡಿಯ ಕೊನೆಯ ಕೋಣೆಗೆ ಬರುವವರಿಗೆ ಅವಳ ಹೆಸರು ಬೇಕಾಗಿರಲಿಲ್ಲ. “ಕೈಯಕ್ಕ ಇದಾರಾ?” ಎಂದು ಕೇಳಿಕೊಂಡೇ ಬರುತ್ತಿದ್ದರು. ಪಾರ್ಶ್ವವಾಯು ಹೊಡೆದು ಕೈ ಸೋತವರು, ಯಂತ್ರಕ್ಕೆ ಬೆರಳು ಕೊಟ್ಟವರು, ಸುಟ್ಟುಕೊಂಡವರು. ಅವರಿಗೆ ಮತ್ತೆ ಚಮಚ ಹಿಡಿಯುವುದನ್ನು, ಬಾಚಣಿಗೆ ಎತ್ತುವುದನ್ನು, ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಕಲಿಸುವುದು ಅವಳ ಕೆಲಸ. ಅದಕ್ಕೆ ಆಕ್ಯುಪೇಷನಲ್ ಥೆರಪಿ ಎಂದು ಹೆಸರು. ಆ ಹೆಸರು ಕೇಳಿದ ನೆಂಟರು ಮೊದಮೊದಲು “ಹಾಗಾದ್ರೆ ನಮ್ಮ ಮಗಳಿಗೂ ಎಲ್ಲಾದ್ರೂ ಕೆಲಸ ಕೊಡಿಸೇ” ಎನ್ನುತ್ತಿದ್ದರು. ವಿವರಿಸಿ ವಿವರಿಸಿ ಸಾಕಾಗಿ ಈಗೀಗ ಅವಳೂ “ನೋಡೋಣ” ಎಂದು ಸುಮ್ಮನಾಗುತ್ತಿದ್ದಳು.

ಅವಳ ಕೈಗುಣದ ಬಗ್ಗೆ ವಿಭಾಗದಲ್ಲಿ ಎರಡು ಮಾತಿರಲಿಲ್ಲ. ಬೇರೆ ಥೆರಪಿಸ್ಟರ ಪಾಲಿಗೆ ಬಂದವರೂ ಚೀಟಿ ಬದಲಾಯಿಸಿಕೊಂಡು ಅವಳ ಬೆಂಚಿನ ಮುಂದೆ ಬಂದು ಕೂರುತ್ತಿದ್ದರು. ಎಲ್ಲರೂ ದೊಡ್ಡಕ್ಕ ಎಂದು ಕರೆಯುವ ವಿಭಾಗದ ಮುಖ್ಯಸ್ಥೆಗೆ ಇದು ಅಷ್ಟಾಗಿ ಹಿಡಿಸುತ್ತಿರಲಿಲ್ಲ. “ಏನಮ್ಮ, ಕೈಗೆ ಜೇನು ಸವರಿಕೊಂಡು ಬರ್ತೀಯೋ ಹೇಗೆ?” ಎಂದು ಚುಚ್ಚುತ್ತಿದ್ದರು.

ಹೊಗಳಿಕೆ ಅವಳಿಗೆ ಬೇಡವಾಗಿರಲಿಲ್ಲ. ಆದರೆ ಸಂಜೆ ಬೆಂಚು ಒರೆಸುವಾಗ ಒಂದು ಸಣ್ಣ ಪ್ರಶ್ನೆ ಉಳಿದುಬಿಡುತ್ತಿತ್ತು. ಒಂದೇ ಕಾಯಿಲೆ, ಒಂದೇ ಅಭ್ಯಾಸ, ಒಂದೇ ಅಂಗಿ; ಒಬ್ಬರ ಬೆರಳು ತಿಂಗಳೊಳಗೆ ಗುಂಡಿಯನ್ನು ಹುಡುಕಿಕೊಳ್ಳುತ್ತದೆ, ಇನ್ನೊಬ್ಬರದು ಆರು ತಿಂಗಳಾದರೂ ಕಾಜದ ಅಂಚಿಗೇ ಬಂದು ನಿಲ್ಲುತ್ತದೆ. ಏಕೆ? ನಲವತ್ತೊಂದನೆಯ ವಯಸ್ಸಿನಲ್ಲಿ ಅವಳು ಪಿಎಚ್.ಡಿ.ಗೆ ಅರ್ಜಿ ಹಾಕಿದ್ದು ಆ ಪ್ರಶ್ನೆಯ ಕಾಟ ತಡೆಯಲಾರದೆ.

ಮೊದಲ ವರ್ಷ ಅರ್ಜಿ ವಾಪಸು ಬಂತು. ಅವಳ ಗಂಡ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಅರ್ಜಿಯನ್ನು ಅಡುಗೆಮನೆಯ ಬೆಳಕಿಗೆ ಹಿಡಿದು ನೋಡಿದ.

“ಶೀರ್ಷಿಕೆನೇ ಇಪ್ಪತ್ತೇಳು ಪದ ಇದೆ ಕಣೆ. ಓದಿ ಮುಗಿಸೋ ಹೊತ್ತಿಗೆ ರೋಗಿ ಗುಣವಾಗಿ ಮನೆಗೆ ಹೋಗಿರ್ತಾನೆ.”

“ನಗಬೇಡ್ರಿ. ಎಲ್ಲಾ ಪದಾನೂ ಬೇಕಿತ್ತು.”

“ನನಗೆ ಬರೋ ಲೇಖಕರೆಲ್ಲ ಇದನ್ನೇ ಹೇಳೋದು,” ಎಂದು ಹದಿನೆಂಟು ಪದಗಳಿಗೆ ಗೆರೆ ಎಳೆದ.

ಎರಡನೆಯ ವರ್ಷ ಸಂದರ್ಶನಕ್ಕೆ ಕರೆ ಬಂತು. ಉದ್ದನೆಯ ಮೇಜಿನ ಆಚೆ ಐವರು ಕೂತಿದ್ದರು. ಇಷ್ಟು ವರ್ಷ ಕಳೆದ ಮೇಲೆ ಈ ಓದು ಏಕೆ ಎಂದು ಕೇಳಿದರು. ಬಾಯಿಪಾಠ ಮಾಡಿಕೊಂಡು ಹೋಗಿದ್ದ ಉತ್ತರ ಮರೆತೇಹೋಯಿತು. ಒಬ್ಬರು ಗಡಿಯಾರ ನೋಡಿದರು, ಇನ್ನೊಬ್ಬರು ಪೆನ್ನಿನ ಮುಚ್ಚಳ ಹಾಕಿದರು. ಕೊನೆಯ ಕುರ್ಚಿಯ ನರೆಗೂದಲಿನ ಹೆಂಗಸು ಮಾತ್ರ ಅವಸರವಿಲ್ಲದೆ ಅವಳನ್ನೇ ನೋಡುತ್ತಿದ್ದರು.

“ಹದಿನೇಳು ವರ್ಷದಿಂದ ಗುಂಡಿ ಹಾಕೋದು ಕಲಿಸ್ತಾ ಇದೀನಿ,” ಎಂದಳು ಕೊನೆಗೆ. “ಕೆಲವರಿಗೆ ಯಾಕೆ ಬರುತ್ತೆ, ಕೆಲವರಿಗೆ ಯಾಕೆ ಬರಲ್ಲ ಅಂತ ನನಗಿನ್ನೂ ಗೊತ್ತಾಗಿಲ್ಲ.”

ಆ ನರೆಗೂದಲಿನವರೇ ಅವಳ ಗೈಡ್ ಆದರು.

ಮೊದಲ ಎರಡು ವರ್ಷ ಹೋದದ್ದೇ ತಿಳಿಯಲಿಲ್ಲ. ವಿಭಾಗದ ಆರು ಜನ ಥೆರಪಿಸ್ಟರೂ ತಮ್ಮ ತಮ್ಮ ರೋಗಿಗಳಿಗೆ ಗುಂಡಿ ಹಾಕುವುದನ್ನು ಕಲಿಸುತ್ತಿರುವಾಗ ದಾಖಲೆ ವಿಭಾಗದವರು ಮೇಲಿನಿಂದ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು. ಆರರಲ್ಲಿ ದೊಡ್ಡಕ್ಕನೂ ಒಬ್ಬರು, ಅವಳೂ ಒಬ್ಬಳು. ರೋಗಿಗಳೆಲ್ಲರಿಗೂ ಅಭ್ಯಾಸಕ್ಕೆಂದು ಇಟ್ಟಿದ್ದ ಬೂದು ಬಣ್ಣದ ಅಂಗಿಯೇ. ಆ ವರ್ಷ ಸೋಂಕಿನ ಭಯವಿದ್ದುದರಿಂದ ಥೆರಪಿಸ್ಟರೆಲ್ಲರ ಕೈಯಲ್ಲೂ ತೆಳುನೀಲಿ ಗ್ಲೌಸು. ಚಿತ್ರದಲ್ಲಿ ಮುಖವಿಲ್ಲ, ದನಿಯಿಲ್ಲ. ಐದು ಗುಂಡಿ, ಎರಡು ಜೋಡಿ ಕೈ. ದಾಖಲೆ ವಿಭಾಗದ ಗುಮಾಸ್ತೆ ಥೆರಪಿಸ್ಟರಿಗೆ ಒಂದರಿಂದ ಆರರವರೆಗೆ ನಂಬರು ಕೊಟ್ಟು, ಯಾರ ನಂಬರು ಯಾವುದು ಎಂಬ ಪಟ್ಟಿಯನ್ನು, ಅಳತೆ ಮುಗಿಯುವವರೆಗೆ ಅವಳಿಗೂ ತಿಳಿಯದಂತೆ, ಲಕೋಟೆಯಲ್ಲಿ ಮುಚ್ಚಿ ಕಪಾಟಿಗೆ ಹಾಕಿದಳು.

ರೋಗಿಯ ಬೆರಳುಗಳನ್ನು ಅಳೆಯುವುದು ಅವಳ ಉದ್ದೇಶವಾಗಿತ್ತು. ಅಳೆದಳು. ಏನೂ ಸಿಗಲಿಲ್ಲ. ಮೂರನೆಯ ವರ್ಷದ ಆರಂಭದಲ್ಲಿ ಗೈಡ್ ಅವಳ ಪಕ್ಕ ಕೂತು ಒಂದೂವರೆ ಗಂಟೆ ತುಟಿ ಬಿಚ್ಚದೆ ಚಿತ್ರಗಳನ್ನು ನೋಡಿದರು. ಅವರೊಡನೆ ಕೂರುವುದೆಂದರೆ ಹೀಗೆಯೇ. ಕೋಣೆಯ ಫ್ಯಾನಿನ ಸದ್ದು ಕೂಡ ಅತಿಯಾಯಿತೇನೋ ಅನ್ನಿಸುತ್ತಿತ್ತು. ಎದ್ದು ಹೊರಡುವಾಗ ಹೇಳಿದರು:

“ಒಂದು ಜೋಡಿ ಕೈ ಮಾತ್ರ ನೋಡ್ತಿದೀಯಮ್ಮ. ಇನ್ನೊಂದು ಜೋಡಿನೂ ಇದೆಯಲ್ಲ.”

ಪ್ರಶ್ನೆ ಅಲ್ಲಿಂದ ತಿರುಗಿತು. ಎಲ್ಲರಿಂದ ಹೊಸದಾಗಿ ಒಪ್ಪಿಗೆ ಬರೆಸಿಕೊಂಡು ಅವಳು ಥೆರಪಿಸ್ಟರ ಕೈಗಳನ್ನು ಎಣಿಸತೊಡಗಿದಳು. ರೋಗಿಯ ಬೆರಳು ತಡವರಿಸಿ ನಿಂತ ಕ್ಷಣದಿಂದ ನೀಲಿ ಕೈ ನೆರವಿಗೆ ಬರುವವರೆಗೆ ಎಷ್ಟು ಸೆಕೆಂಡು? ಉತ್ತರ ಎದುರಿಗೇ ಬಿದ್ದಿತ್ತು. ಹನ್ನೆರಡು ಸೆಕೆಂಡು ಸುಮ್ಮನೆ ಬಿಟ್ಟರೆ ಹತ್ತರಲ್ಲಿ ಆರು ಸಲ ರೋಗಿ ತಾನೇ ದಾರಿ ಕಂಡುಕೊಳ್ಳುತ್ತಿದ್ದ. ಹೆಚ್ಚಿನ ಥೆರಪಿಸ್ಟರು ಒಂಬತ್ತು, ಹತ್ತು ಸೆಕೆಂಡು ತಡೆಯುತ್ತಿದ್ದರು, ಒಬ್ಬರು ಹದಿನಾರು. ನಾಲ್ಕನೆಯ ನಂಬರಿನವರದು ಮಾತ್ರ ಮೂರೂವರೆ.

ನಾಲ್ಕನೆಯ ಜೋಡಿ ಕೈ ಕಂಡರೆ ಅವಳಿಗೆ ಮೈ ಉರಿಯುತ್ತಿತ್ತು. ರೋಗಿಯ ಹೆಬ್ಬೆರಳು ಗುಂಡಿಯನ್ನು ಮುಟ್ಟಿ, ಜಾರಿ, ಮತ್ತೆ ಮುಟ್ಟುವಷ್ಟರಲ್ಲಿ ಆ ನೀಲಿ ಬೆರಳುಗಳು ಎಲ್ಲಿಂದಲೋ ಬಂದು, ಎಷ್ಟೋ ನಯವಾಗಿ, ಗುಂಡಿಯನ್ನು ತೂರಿಸಿಬಿಡುತ್ತಿದ್ದವು. ಆಮೇಲೆ ರೋಗಿಯ ಕೈಯ ಮೇಲೆ ಒಂದು ಪುಟ್ಟ ತಟ್ಟು. ದಿನಗಟ್ಟಲೆ ನೋಡಿದ ಮೇಲೆ ಅವಳು ನಾಲ್ಕನೆಯವರ ಬಗ್ಗೆಯೇ ಎರಡು ಪುಟ ಬರೆದಳು. ಗಂಡ ಕರಡು ತಿದ್ದುತ್ತಾ ಕನ್ನಡಕ ಇಳಿಸಿದ.

“ಈ ನಾಲ್ಕನೇ ನಂಬರಿನವರು ನಿನಗೇನು ಅನ್ಯಾಯ ಮಾಡಿದಾರೆ? ಒಂದೇ ಪುಟದಲ್ಲಿ ಮೂರು ಸಲ ‘ಅಸಹನೆ’ ಅಂತ ಬರೆದಿದೀಯ.”

“ಇದ್ದದ್ದನ್ನೇ ಬರೆದಿದೀನಿ. ರೋಗಿಗೆ ಉಸಿರಾಡೋಕೂ ಬಿಡಲ್ಲ.”

ಅದು ದೊಡ್ಡಕ್ಕನೇ ಇರಬೇಕೆಂದು ಒಳಗೊಳಗೇ ಅನ್ನಿಸಿತ್ತು. ಹಾಗೆ ಅನ್ನಿಸಿದಾಗ ಸ್ವಲ್ಪ ಖುಷಿಯೂ ಆಗಿತ್ತು.

ಎಣಿಕೆಯೆಲ್ಲ ಮುಗಿದ ದಿನ ಗುಮಾಸ್ತೆ ಲಕೋಟೆ ತಂದುಕೊಟ್ಟಳು. ಅವಳು ಬೆಂಚಿನ ಬಳಿ ನಿಂತೇ ಒಡೆದಳು. ದೊಡ್ಡಕ್ಕನ ಹೆಸರಿನ ಮುಂದೆ ಎರಡು ಎಂದಿತ್ತು. ಹದಿನಾರು ಸೆಕೆಂಡು ಕಾದವರು ಅವರು. ನಾಲ್ಕರ ಮುಂದೆ ಅವಳದೇ ಹೆಸರು.

ಕಣ್ಣು ತಪ್ಪಿತೇನೋ ಎಂದು ಮತ್ತೆ ನೋಡಿದಳು. ಆಮೇಲೆ ತನ್ನ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಬೋರಲು ಹಾಕಿ ನೋಡಿದಳು. ನೂರ ನಲವತ್ತು ಚಿತ್ರಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದಾಳೆ; ಒಂದು ಸಲವೂ ತನ್ನ ಕೈಯ ಗುರುತು ತನಗೇ ಹತ್ತಲಿಲ್ಲ.

ಗೈಡ್ ಸುದ್ದಿ ಕೇಳಿ ಆಶ್ಚರ್ಯಪಡಲಿಲ್ಲ. “ಸಂಶೋಧಕಿ ತನ್ನನ್ನೇ ಅಳೆದುಕೊಂಡಿರೋದು ಸರಿಯಲ್ಲ ಅಂತ ಕಾರಣ ಕೊಟ್ಟು ನಾಲ್ಕನ್ನ ಬಿಟ್ಟುಬಿಡಬಹುದು. ಐದು ಜನರ ಮೇಲೆ ಪ್ರಬಂಧ ನಿಲ್ಲುತ್ತೆ. ಯಾರೂ ತಪ್ಪು ಅನ್ನಲ್ಲ. ಇಟ್ಕೊಂಡ್ರೆ ಅದು ನೀನೇ ಅಂತ ಬರೀಬೇಕಾಗುತ್ತೆ. ಮೌಖಿಕ ಪರೀಕ್ಷೆಗೆ ನಿನ್ನ ವಿಭಾಗದವರೆಲ್ಲ ಬಂದು ಕೂರ್ತಾರೆ. ಹದಿನೈದು ದಿನ ಇದೆ, ಯೋಚನೆ ಮಾಡು.”

ಯೋಚನೆ ಮಾಡಲು ಏನಿತ್ತು? ಬಿಟ್ಟರೆ ಪದವಿಯೂ ಬರುತ್ತದೆ, ಕೈಯಕ್ಕ ಎಂಬ ಹೆಸರೂ ಉಳಿಯುತ್ತದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ಅವಳು ಕೂಡಿಸಿಕೊಂಡಿದ್ದು ಅದೊಂದೇ ಹೆಸರು. ಇಟ್ಟುಕೊಂಡರೆ ಆ ಹೆಸರನ್ನು ತಾನೇ ಎಲ್ಲರೆದುರು ಬಿಚ್ಚಿಟ್ಟು, ನೋಡಿ, ಇದರೊಳಗೆ ಇದ್ದದ್ದು ಇಷ್ಟೇ, ಎನ್ನಬೇಕು. ಬಿಟ್ಟುಬಿಡುವುದೆಂದು ಆ ಸಂಜೆಯೇ ನಿರ್ಧರಿಸಿದಳು. ನೆಮ್ಮದಿಯೂ ಆಯಿತು.

ಮರುದಿನ ಬೆಳಿಗ್ಗೆ ಅವಳ ಬೆಂಚಿಗೆ ಬಂದವನು ಬೀಗದಜ್ಜ. ಬೀಗ ರಿಪೇರಿ ಮಾಡಿ ಬದುಕಿದ ಮುದುಕ. ಬಲಗೈ ಸೋತು ಮೂರು ತಿಂಗಳಾಗಿತ್ತು. ಬಾಯಿಗೆ ಏನೂ ಆಗಿರಲಿಲ್ಲ.

“ಬನ್ನಿ ತಾಯಿ. ಇವತ್ತು ಗುಂಡಿ ಗೆಲ್ಲುತ್ತೋ ನಾನು ಗೆಲ್ತೀನೋ ನೋಡೇಬಿಡೋಣ.”

ಮೂರನೆಯ ಗುಂಡಿಯಲ್ಲಿ ಅವನ ಬೆರಳು ನಿಂತಿತು. ಅವಳ ಕೈ ಮೇಜಿನಿಂದ ತಾನಾಗಿ ಎದ್ದದ್ದನ್ನು ಅವಳು ಕಂಡಳು. ಅದನ್ನು ಎಳೆದು ತೊಡೆಯಡಿ ಇಟ್ಟುಕೊಂಡು ಅದರ ಮೇಲೆ ಕೂತಳು. ಐದು ಸೆಕೆಂಡು. ಎಂಟು. ಬೀಗದಜ್ಜನ ಹಣೆಯಲ್ಲಿ ಬೆವರು ಮೂಡಿತು. ಹನ್ನೊಂದು. ನೋಡುವುದು ಇಷ್ಟು ಕಷ್ಟವೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಗುಂಡಿ ಓರೆಯಾಯಿತು, ಕಾಜದ ಒಳಗೆ ಅರ್ಧ ಹೋಯಿತು, ಹಿಂದಕ್ಕೆ ಬಂತು. ಇಪ್ಪತ್ತೆರಡನೆಯ ಸೆಕೆಂಡಿಗೆ ಒಳಗೆ ಹೋಯಿತು.

ಅವನು ತಲೆ ಎತ್ತಿ ಅವಳನ್ನು ನೋಡಿದ.

“ಏನು ತಾಯಿ, ಮನೇಲಿ ಜಗಳವಾ? ಇವತ್ತು ಕೈಯೇ ಬರಲಿಲ್ಲ.”

“ಇಷ್ಟು ದಿನ ಬರ್ತಿತ್ತಲ್ಲ ಅಜ್ಜ, ಬೇಡ ಅನ್ನಬಾರದಿತ್ತಾ?”

ಬೀಗದಜ್ಜ ಗುಂಡಿಯನ್ನು ಸವರಿದ. “ನಾನು ಬೀಗದ ಮುಂದೆ ಕೂತಾಗ ಪಕ್ಕದಿಂದ ಯಾರಾದ್ರೂ ಕೈ ಹಾಕಿದ್ರೆ ಅವರ ಜನ್ಮ ಜಾಲಾಡಿಬಿಡ್ತಿದ್ದೆ. ನಿಮ್ಮನ್ನ ಹೇಗೆ ಬೈಯಲಿ? ಅಷ್ಟು ಪ್ರೀತಿಯಿಂದ ಮಾಡ್ತೀರಿ. ಮನೆಗೆ ಹೋಗಿ ಸೊಸೆ ಹತ್ರ ನಾನೇ ಹಾಕ್ಕೊಂಡೆ ಅಂತ ಸುಳ್ಳು ಹೇಳ್ತಿದ್ದೆ.” ಆಮೇಲೆ ಅಂಗಿಯ ಎದೆಯನ್ನು ಮುಂದೆ ಮಾಡಿ ತೋರಿಸಿದ. “ಇವತ್ತು ನಿಜ ಹೇಳ್ಬೋದು.”

ಅವನು ನಾಲ್ಕನೆಯ ಗುಂಡಿಗೆ ಕೈ ಹಾಕಿದ. ಅವಳ ಕೈ ತೊಡೆಯಡಿಯೇ ಇತ್ತು.

ಮನೆಗೆ ಬಂದವಳೇ ಗಂಡನ ಮುಂದೆ ಕರಡು ಹಾಕಿದಳು. “ನಾಲ್ಕನೇದನ್ನ ಇಟ್ಕೋತೀನಿ ಕಣ್ರಿ. ಅದು ನಾನೇ.”

ಅವನು ಅವಳನ್ನು ನೋಡಿದ, ಪುಟವನ್ನು ನೋಡಿದ. ಕೊನೆಗೆ ಪೆನ್ಸಿಲ್ ಎತ್ತಿಕೊಂಡು ಅತಿ ಗಂಭೀರವಾಗಿ, “ಹಾಗಾದ್ರೆ ಈ ‘ಅಸಹನೆ’ನ ಏನು ಮಾಡೋದು? ಇಡೋದಾ, ಹೊಡೆದುಹಾಕೋದಾ?” ಎಂದು ಕೇಳಿದ.

ಅವಳಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಯೋಚಿಸಿದಳು. ಅದು ಅಸಹನೆಯಲ್ಲ ಎಂದು ಈಗ ಅವಳಿಗೆ ಗೊತ್ತಿತ್ತು. ಆ ಕೈಯ ಒಳಗಿನಿಂದ ಗೊತ್ತಿತ್ತು. ಎದುರಿಗಿರುವವರು ಕಷ್ಟಪಡುವುದನ್ನು ನೋಡಲಾಗದ ಸಂಕಟ ಅದು. ಹಾಗೆಯೇ ಬರೆದಳು. ಸೆಕೆಂಡುಗಳನ್ನು ಮುಟ್ಟಲಿಲ್ಲ.

ಗೈಡ್ ಓದಿ ಹುಬ್ಬೇರಿಸಿದರು. “ನೀನೇ ಅಂತ ಗೊತ್ತಾದ ಮೇಲೆ ಕರುಣೆ ಉಕ್ಕಿತಾ?”

“ಉಳಿದ ಐವರ ಪುಟಗಳನ್ನೂ ತಿದ್ದಿದೀನಿ ಮೇಡಂ. ಅವರಿಗೂ ಇದೇ ಕರುಣೆ.”

ಗೈಡ್ ಪುಟ ಮಗುಚಿ ನೋಡಿ ಸಹಿ ಹಾಕಿದರು.

ಮೌಖಿಕ ಪರೀಕ್ಷೆಯ ದಿನ ವಿಭಾಗದವರು ಮುಂದಿನ ಎರಡು ಸಾಲು ತುಂಬಿ ಕೂತಿದ್ದರು. ದೊಡ್ಡಕ್ಕ ನಡುವಿನ ಕುರ್ಚಿಯಲ್ಲಿ, ಮಡಿಲ ಮೇಲೆ ಕೈಚೀಲ. ಹೊರಗಿನಿಂದ ಬಂದ ಪರೀಕ್ಷಕರು ಮುಕ್ಕಾಲು ಗಂಟೆ ಅಂಕಿಗಳ ಬಗ್ಗೆ ಕೇಳಿದರು. ಆಮೇಲೆ ಪ್ರಬಂಧವನ್ನು ಅವಳತ್ತ ತಿರುಗಿಸಿ, “ತೊಂಬತ್ತೆರಡನೇ ಪುಟದ ಕೊನೆಯ ವಾಕ್ಯ ಒಂದು ಸಲ ಓದ್ತೀರಾ?” ಎಂದರು.

ಅವಳು ಓದಿದಳು. “ನಾಲ್ಕನೆಯ ಥೆರಪಿಸ್ಟ್ ಈ ಪ್ರಬಂಧದ ಲೇಖಕಿ.”

ಎರಡನೆಯ ಸಾಲಿನಲ್ಲಿ ಯಾರದೋ ಪೆನ್ನು ಉರುಳಿ ಬಿದ್ದು, ಎತ್ತಿಕೊಳ್ಳುವವರಿಲ್ಲದೆ ಅಲ್ಲೇ ಇತ್ತು. ಅವಳ ಮುಖ ಬಿಸಿಯಾಯಿತು, ಹಾಗೇ ಮೆಲ್ಲಗೆ ತಣ್ಣಗಾಯಿತು. ಏನೂ ಕುಸಿದುಬೀಳಲಿಲ್ಲ.

“ಈಗ ಎಷ್ಟು ಸೆಕೆಂಡು?” ಎಂದು ಪರೀಕ್ಷಕರು ಕೇಳಿದರು.

“ಕೆಲವು ದಿನ ಹನ್ನೆರಡು ಸರ್. ಕೆಲವು ದಿನ ಕೈಯ ಮೇಲೆ ಕೂತ್ಕೋಬೇಕಾಗುತ್ತೆ.”

ಮೊದಲು ನಕ್ಕವರು ಪರೀಕ್ಷಕರೇ. ಅರ್ಧ ಗಂಟೆಯ ನಂತರ ಅವಳನ್ನು ಡಾಕ್ಟರ್ ಎಂದು ಕರೆದರು.

ವಿಭಾಗದಲ್ಲಿ ಅವಳು ನೆನೆಸಿದ್ದ ಯಾವುದೂ ಆಗಲಿಲ್ಲ. ಯಾರೂ ಹಂಗಿಸಲಿಲ್ಲ. ಆದದ್ದು ಬೇರೆಯೇ. ಮೂರನೆಯ ದಿನ ಒಬ್ಬ ಸಹೋದ್ಯೋಗಿ ಟವೆಲ್ ಮಡಚುವ ನೆಪದಲ್ಲಿ ಅವಳ ಬೆಂಚಿನ ಬಳಿ ಬಂದು, “ಅಲ್ಲಾ, ಸುಮ್ನೆ ಕೇಳ್ತೀನಿ... ನನ್ನದು ಎಷ್ಟನೇ ನಂಬರು?” ಎಂದಳು. ಅವರವರ ನಂಬರು ಅವರವರಿಗೆ ಹೇಳಲು ಅಡ್ಡಿಯಿರಲಿಲ್ಲ. ಹೇಳಿದಳು. “ಒಂಬತ್ತೇ ಸೆಕೆಂಡಾ! ನಾನೇನೋ ಭಾರಿ ತಾಳ್ಮೆಯವಳು ಅಂದ್ಕೊಂಡಿದ್ದೆ,” ಎಂದು ಆಕೆ ಹಣೆ ಚಚ್ಚಿಕೊಂಡಳು. ವಾರದೊಳಗೆ ಉಳಿದವರೂ ಒಬ್ಬೊಬ್ಬರಾಗಿ ಬಂದರು. ಮಧ್ಯಾಹ್ನದ ಊಟದ ಮೇಜಿನಲ್ಲಿ ಒಬ್ಬರು ಇನ್ನೊಬ್ಬರ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದರೆ ಸಾಕು, “ಏಯ್, ಹನ್ನೆರಡು ಎಣಿಸು!” ಎಂದು ಎಲ್ಲರೂ ಕೂಗುತ್ತಿದ್ದರು.

ದೊಡ್ಡಕ್ಕ ಮಾತ್ರ ಕೇಳಲಿಲ್ಲ. ತಿಂಗಳು ಕಳೆದ ಮೇಲೆ ಒಂದು ಸಂಜೆ, ಎಲ್ಲರೂ ಹೊರಟಾದ ಮೇಲೆ, ಕೈಚೀಲ ಹಿಡಿದು ಒಳಗೆ ಬಂದರು. ಬಾಗಿಲು ಮುಂದೆ ಮಾಡಿದರು. ರೋಗಿಗಳ ಕುರ್ಚಿಯಲ್ಲಿ ಕೂತು ಬೆಂಚಿನ ಮೇಲಿದ್ದ ಬೂದು ಅಂಗಿಯ ತೋಳನ್ನು ನೇರ ಮಾಡಿದರು, ಮತ್ತೆ ಮಡಚಿದರು.

ಅವರು ಏನು ಕೇಳಲು ಬಂದಿದ್ದಾರೆಂದು ಅವಳಿಗೆ ಗೊತ್ತಿತ್ತು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಒಳ್ಳೆಯ ಉತ್ತರವೇ ಅದು, ಹೇಳಿದರೆ ಆ ಮುಖ ಅರಳುತ್ತದೆ. ಆದರೂ ಅವಳು ಅವರ ಎದುರು ಕೂತು ಕಿಟಕಿಯ ಆಚೆಯ ಬೆಳಕು ಗೋಡೆಯಿಂದ ಇಳಿಯುವುದನ್ನು ನೋಡಿದಳು. ಈ ಸಲ ಸೆಕೆಂಡು ಎಣಿಸಲಿಲ್ಲ.

“ಕುರ್ಚಿ ಸ್ವಲ್ಪ ಹತ್ತಿರ ಹಾಕ್ಕೋ,” ಎಂದರು ದೊಡ್ಡಕ್ಕ ಕೊನೆಗೆ. “ನಂದೆಷ್ಟು ಸೆಕೆಂಡು, ಹೇಳು. ಕಮ್ಮಿ ಇದ್ರೆ ಮೆಲ್ಲಗೆ ಹೇಳು, ನಾಡಿದ್ದು ರಿಟೈರ್ ಆಗೋಳು ನಾನು.”